ಟ್ರಾಕ್ಟರಿನ ಹಿಂಗಾಲಿಗಳು

ಗಾಲಿಯ ಅಂಗಗಳಿಗೆ ಹೆಸರಿಡುವುದರಲ್ಲಿ ನಮ್ಮ ಪೂರ್ವಿಕರು ಜಿಪುಣತನ ತೋರಿದವರಲ್ಲ. ನಡುವಣ ಭಾಗಕ್ಕೆ ನಾಭಿ ಎಂದರು. ಅಲ್ಲಿಂದ ಹೊರಟ ಕಡ್ಡಿಗಳಿಗೆ ಅರ ಎಂದರು. ಹೊರಸುತ್ತಿಗೆ ನೇಮಿ ಎಂದರು. ಅಮರಕೋಶವು ನೇಮಿಗೆ ಪ್ರಧಿ ಎಂಬ ಇನ್ನೊಂದು ಹೆಸರನ್ನೂ ಕೊಡುತ್ತದೆ. ನೆಲವನ್ನು ಮುಟ್ಟುವುದು ನೇಮಿಯೊಂದೇ; ಸವೆಯುವುದೂ ಮೊದಲು ಅದೇ. ಆದುದರಿಂದಲೇ ಬಂಡಿಯ ಕಾಲದಲ್ಲಿ ಮರದ ನೇಮಿಯ ಮೇಲೆ ಕಬ್ಬಿಣದ ಪಟ್ಟಿಯನ್ನು ಏರಿಸುತ್ತಿದ್ದರು. ಕಮ್ಮಾರನು ಪಟ್ಟಿಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಸಿ, ಗಾಲಿಗೆ ತೊಡಿಸಿ, ಮೇಲೆ ನೀರು ಹೊಯ್ದನೆಂದರೆ ಅದು ಕುಗ್ಗಿ ಮರವನ್ನು ಕಚ್ಚಿ ಹಿಡಿಯುತ್ತಿತ್ತು. ಅಲ್ಲಿ ಆರಿಸುವ ಕಷ್ಟವಿರಲಿಲ್ಲ. ಗಾಲಿಯ ಅಳತೆಯೊಂದು ತಿಳಿದರೆ ಸಾಕಾಗಿತ್ತು.

ಟ್ರಾಕ್ಟರಿನ ವಿಷಯವು ಹಾಗಲ್ಲ. ಬಂಡಿಯ ಗಾಲಿಯನ್ನು ಎತ್ತು ಎಳೆಯುತ್ತದೆ. ಟ್ರಾಕ್ಟರಿನಲ್ಲಿಯಾದರೋ ಹಿಂಗಾಲಿಯೇ ಎತ್ತು. ಭಾರವನ್ನು ಹೊರುವುದೂ ಅದೇ, ನೆಲವನ್ನು ಒದ್ದು ನೇಗಿಲನ್ನು ಎಳೆಯುವುದೂ ಅದೇ. ಎಂಜಿನ್ನಿನಲ್ಲಿ ಎಷ್ಟು ಕುದುರೆಯ ಬಲವಿದ್ದರೇನು, ಅದೆಲ್ಲವೂ ಅಂಗೈಯಗಲದ ಕೆಲವು ರಬ್ಬರ್ ಏಣುಗಳ ಮೂಲಕವೇ ಮಣ್ಣಿಗೆ ತಲಪಬೇಕು. ಹಿಂದೆ ದೂರದೂರಿಗೆ ಬಂಡಿ ಹೊಡೆಯುವವರು ಎತ್ತಿಗೆ ಲಾಳ ಕಟ್ಟಿಸುತ್ತಿದ್ದರು. ಕೆಸರುಗದ್ದೆಯ ಕೋಣಕ್ಕೆ ಲಾಳ ಕಟ್ಟಿಸಿದವರನ್ನು ನಾವು ಕಂಡಿಲ್ಲ. ಟಯರನ್ನು ಆರಿಸುವುದರ ಮುಖ್ಯ ಸೂತ್ರವು ಇಷ್ಟರಲ್ಲಿಯೇ ಇದೆ.

ಗೃಹಸ್ಥರು ಓದುವ ಪತ್ರಿಕೆಯಲ್ಲಿ ಟಯರಿನ ಮಾತೇಕೆ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಬೇಸಾಯಗಾರರ ಮನೆಗಳಲ್ಲಿ ಮದುವೆ ಮತ್ತು ಬಾವಿಗಳನ್ನು ಬಿಟ್ಟರೆ ಒಂದೇ ಸಲಕ್ಕೆ ದೊಡ್ಡ ಹಣವು ಕೈಬಿಡುವ ಸಂದರ್ಭಗಳಲ್ಲಿ ಇದೂ ಒಂದು. ಮದುವೆಗೆ ಆರು ತಿಂಗಳು ಆಲೋಚಿಸುವ ಮನೆಯವರು ಟಯರಿಗೆ ಕಾಲು ಗಂಟೆ ಆಲೋಚಿಸುತ್ತಾರೆ. ಅದೂ ಅಂಗಡಿಯ ಮೆಟ್ಟಿಲ ಮೇಲೆ, ಗಂಡಸರು ಮಾತ್ರ ನಿಂತು, ಅಂಗಡಿಯವನು ತರಿಸಿದ ಚಹವನ್ನು ಕುಡಿಯುತ್ತ!

ಕಳೆದ ಬೇಸಗೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ತಾಯಿಯೊಡನೆ ಬಂದಿದ್ದನು. ಮಂಡ್ಯದ ಕಡೆಯವನು, ನಾಲೆಯ ನೀರಿನ ಆಸರೆಯಲ್ಲಿ ಕೊಂಚ ಭತ್ತ, ಕೊಂಚ ಕಬ್ಬು. ನಲವತ್ತು ಕುದುರೆಬಲದ ಟ್ರಾಕ್ಟರೊಂದುಂಟು. ಸ್ವಂತದ ಕೆಲಸ ಮುಗಿದ ಮೇಲೆ ಬಾಡಿಗೆಗೆ ಉಳುತ್ತಾನೆ. ಕಬ್ಬಿನ ಕಾಲದಲ್ಲಿ ಕಾರ್ಖಾನೆಗೆ ಟ್ರೇಲರು ಹೊಡೆಯುತ್ತಾನೆ. ಹಿಂದಿನ ಟಯರುಗಳೆರಡೂ ಬೋಳಾಗಿದ್ದವು. ಅಂಗಡಿಯಲ್ಲಿ ಅವನಿಗೆ ನಾಲ್ಕು ಬಗೆಯನ್ನು ತೋರಿಸಿದ್ದರಂತೆ: ಕೆಸರಿಗೆಂದೇ ಮಾಡಿದ ಆಳದ ಏಣಿನದು, ಸಾಧಾರಣ ಹೊಲದ್ದು, ಹೆಚ್ಚು ಬೆಲೆಯ ರೇಡಿಯಲ್, ಕಡೆಗೆ ಹಳೆಯದಕ್ಕೇ ಹೊಸ ಮೈ ಕೂಡಿಸಿದ ರೀಟ್ರೆಡ್. “ಅಮ್ಮನ ಬಳೆ ಅಡವಿಟ್ಟು ತರಬೇಕು, ಮೇಷ್ಟ್ರೇ. ಈ ಸಲ ತಪ್ಪಿದರೆ ಇನ್ನೊಂದು ಸಲ ಅಡವಿಡಲು ಬಳೆಯಿಲ್ಲ” ಎಂದನು. ನೆರೆಯವನೊಬ್ಬನು ಕೆಸರಿನ ಟಯರನ್ನು ಬಹುವಾಗಿ ಹೊಗಳಿದ್ದನಾದುದರಿಂದ ಅವನ ಮನಸ್ಸು ಅದರ ಕಡೆಗೇ ವಾಲಿತ್ತು.

ನಾವು ಯಾವ ಕಂಪನಿಯದೆಂದು ಕೇಳಲಿಲ್ಲ. “ಹೋದ ವರ್ಷ ನಿನ್ನ ಗಾಡಿಯು ಎಷ್ಟು ದಿನ ಕೆಸರಿನಲ್ಲಿತ್ತು, ಎಷ್ಟು ದಿನ ಒಣನೆಲದಲ್ಲಿತ್ತು, ಎಷ್ಟು ದಿನ ಟಾರು ರಸ್ತೆಯಲ್ಲಿತ್ತು?” ಎಂದು ಕೇಳಿದೆವು. ಅವನು ತಲೆ ಕೆರೆದುಕೊಂಡನು. ಉತ್ತರ ಹೇಳಿದವಳು ತಾಯಿ. ಡೀಸೆಲ್ಲಿಗೆ ಹಣವನ್ನು ಎಣಿಸಿ ಕೊಡುವವಳು ಅವಳೇ ಆದುದರಿಂದ ಯಾವ ಹಬ್ಬದಿಂದ ಯಾವ ಹಬ್ಬದವರೆಗೆ ಕಬ್ಬು ಸಾಗಿತು, ನಾಟಿಯ ಕೆಸರು ಎಷ್ಟು ದಿನ ನಡೆಯಿತು ಎಂಬುದೆಲ್ಲವೂ ಅವಳ ನಾಲಗೆಯ ತುದಿಯಲ್ಲಿತ್ತು. ಕೂಡಿಸಿ ನೋಡಲಾಗಿ ಕೆಸರಿನ ಕೆಲಸ ಹನ್ನೆರಡೇ ದಿನ. ವರ್ಷದ ಅರ್ಧಕ್ಕಿಂತ ಹೆಚ್ಚು ಓಟವು ರಸ್ತೆಯ ಮೇಲೆಯೇ ನಡೆದಿತ್ತು!

ಇದರ ಅರ್ಥವನ್ನು ತಿಳಿಯಬೇಕಾದರೆ ಏಣುಗಳ ಸಂಗತಿಯನ್ನು ಸ್ವಲ್ಪ ಹೇಳಬೇಕು. ಟಯರಿನ ಮೈಮೇಲೆ ಓರೆಯಾಗಿ ಎದ್ದು ನಿಂತಿರುವ ರಬ್ಬರಿನ ದಪ್ಪ ಪಟ್ಟೆಗಳನ್ನು ಮೆಕ್ಯಾನಿಕರು ಲಗ್ ಎನ್ನುತ್ತಾರೆ. ನಾವು ಏಣು ಎನ್ನೋಣ. ಹೊಲದ ಸಾಧಾರಣ ಟಯರಿಗೆ ಆರ್-೧ ಎಂಬ ಗುರುತು. ಭತ್ತ, ಕಬ್ಬುಗಳ ಹಸಿ ನೆಲಕ್ಕೆಂದು ಮಾಡಿದ ಆರ್-೨ ಎಂಬ ಜಾತಿಯಲ್ಲಿ ಏಣಿನ ಎತ್ತರವು ಸಾಧಾರಣದ ಸುಮಾರು ಎರಡರಷ್ಟಿರುತ್ತದೆ. ಏಣು ಏಣಿನ ನಡುವೆ ಬಯಲೂ ಹೆಚ್ಚು. ಕೆಸರಿನಲ್ಲಿ ಅದು ಆಳಕ್ಕೆ ಇಳಿದು ಗಟ್ಟಿಯನ್ನು ಹಿಡಿಯುತ್ತದೆ, ಅಂಟಿದ ಮಣ್ಣನ್ನು ತಾನೇ ಉದುರಿಸುತ್ತದೆ. ಅದನ್ನೇ ಟಾರಿನ ಮೇಲೆ ಓಡಿಸಿದರೆ ಆ ಎತ್ತರದ ಏಣುಗಳು ಒಂದೊಂದು ಸುತ್ತಿಗೂ ಬಾಗಿ ಉಜ್ಜಿ ಬೇಗನೆ ಸವೆಯುತ್ತವೆ. ಕೂತವನ ಬೆನ್ನುಮೂಳೆಗೂ ಸುಖವಿಲ್ಲ. ನಮ್ಮ ಶಿಷ್ಯನು ಹನ್ನೆರಡು ದಿನದ ಕೆಸರಿಗಾಗಿ ಮಿಕ್ಕ ವರ್ಷವನ್ನೆಲ್ಲ ತೇಯಲು ಹೊರಟಿದ್ದನು. ಕೆಸರಿನ ದಿನಗಳಿಗೆ ಕಬ್ಬಿಣದ ಕೇಜ್ ವೀಲುಗಳನ್ನು ಬಿಗಿದು ಕೆಲಸ ತೀರಿಸಿಕೊಳ್ಳಬಹುದು. ಅದು ಅವನ ಕೊಟ್ಟಿಗೆಯಲ್ಲಿಯೇ ಇತ್ತು. (ಕೇಜ್ ವೀಲನ್ನು ಕಳಚದೆ ರಸ್ತೆಗೆ ತರುವವರು ಮಾತ್ರ ಊರಿನ ಟಾರನ್ನು ಕಿತ್ತು ಊರಿನ ಶಾಪವನ್ನು ಗಳಿಸುತ್ತಾರೆ.)

ಎಲ್ಲರ ನೆಲವೂ ಮಂಡ್ಯದ ನೆಲವಲ್ಲ. ಗದಗ, ವಿಜಯಪುರಗಳ ಎರೆಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಅಂಟು. ಏಣುಗಳ ನಡುವಣ ಬಯಲು ಸಾಲದಿದ್ದರೆ ಮಣ್ಣು ತುಂಬಿಕೊಂಡು ಟಯರು ಬೋಳು ಉರುಳೆಯಂತಾಗಿ ನಿಂತಲ್ಲಿಯೇ ತಿರುಗುತ್ತದೆ. ಕೋಲಾರ, ತುಮಕೂರುಗಳ ಕೆಂಪು ಗರಸು ನೆಲವು ಅಂಟುವುದಿಲ್ಲ, ಆದರೆ ಅರದಂತೆ ತೇಯುತ್ತದೆ. ಕಲಬುರಗಿಯ ಕಡೆ ತೊಗರಿಯನ್ನು ಕೊಯ್ದ ಮೇಲೆ ನಿಲ್ಲುವ ಕೂಳೆಗಳ ಚೂಪು ಟಯರಿನ ಮೈಯನ್ನು ಇರಿಯುತ್ತದೆ. ಅಲ್ಲಿ ಏಣಿನ ಎತ್ತರಕ್ಕಿಂತ ಮೈಯ ಗಟ್ಟಿತನವನ್ನೇ ಮೊದಲು ನೋಡಬೇಕು. ಬೇರೆ ಸೀಮೆಯ ಬೀಗರ ಸಲಹೆಯನ್ನು ಟಯರಿನ ವಿಷಯದಲ್ಲಿ ಮಾತ್ರ ಕೇಳಬಾರದು!

ಇನ್ನು ಅಳತೆ. ಟಯರಿನ ಪಕ್ಕೆಯ ಮೇಲೆ ೧೩.೬-೨೮ ಎಂದು ಅಚ್ಚಾಗಿದ್ದರೆ, ಟಯರಿನ ಅಗಲವು ಸುಮಾರು ೧೩.೬ ಅಂಗುಲ, ಅದು ಕೂರುವ ಕಬ್ಬಿಣದ ರಿಮ್ಮಿನ ಅಡ್ಡಳತೆ ೨೮ ಅಂಗುಲ ಎಂದರ್ಥ. ನಡುವಣ ಅಡ್ಡಗೆರೆಯು ನೂಲುಗಳನ್ನು ಓರೆಯಾಗಿ ಹೆಣೆದ ಹಳೆಯ ಬಗೆಯನ್ನು ಹೇಳುತ್ತದೆ. ಗೆರೆಯಿರುವೆಡೆ ಆರ್ ಅಕ್ಷರವಿದ್ದರೆ ರೇಡಿಯಲ್. ನಮ್ಮ ನಾಡಿನಲ್ಲಿ ೧೨.೪-೨೮, ೧೩.೬-೨೮, ೧೪.೯-೨೮, ೧೬.೯-೨೮ ಇವು ಹೆಚ್ಚಾಗಿ ಓಡಾಡುವ ಅಳತೆಗಳು. “ಒಂದು ಅಳತೆ ದೊಡ್ಡದನ್ನೇ ಹಾಕಿಬಿಡಿ, ಎಳೆತ ಹೆಚ್ಚುತ್ತದೆ” ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ೧೨.೪ನ್ನು ಬಿಟ್ಟು ೧೩.೬ನ್ನು ಹಾಕಿದರೆ ಗಾಲಿಯ ಒಟ್ಟು ಎತ್ತರವು ಸುಮಾರು ೫ ಸೆಂಟಿಮೀಟರು ಹೆಚ್ಚುತ್ತದೆ. ಆಗ ಪ್ರತಿಯೊಂದು ಗೇರಿನಲ್ಲಿಯೂ ಗಾಡಿಯು ನೂರಕ್ಕೆ ನಾಲ್ಕರಷ್ಟು ವೇಗವಾಗಿ ಓಡುತ್ತದೆ, ಎಳೆಯುವ ಬಲವು ಅಷ್ಟು ತಗ್ಗುತ್ತದೆ. ರಿಮ್ಮಿನ ಅಗಲ ಒಪ್ಪಬೇಕು, ಮಡ್ಗಾರ್ಡಿಗೆ ತಗುಲಬಾರದು. ನಾಲ್ಕು ಗಾಲಿಗಳಿಗೂ ಓಟವಿರುವ ಗಾಡಿಯಾದರೆ ಈ ಬದಲಾವಣೆಯ ಗೊಡವೆಗೇ ಹೋಗಬಾರದು. ಅಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಅತ್ಯಲ್ಪವಾಗಿ ಮುಂದೋಡುವಂತೆ ಲೆಕ್ಕ ಹಾಕಿ ಹಲ್ಲುಚಕ್ರಗಳನ್ನು ಜೋಡಿಸಿರುತ್ತಾರೆ. ಹಿಂದಿನದನ್ನು ಮಾತ್ರ ಹಿಗ್ಗಿಸಿದರೆ ಮುಂದಿನದೂ ಹಿಂದಿನದೂ ಒಂದನ್ನೊಂದು ಎಳೆದಾಡಿ, ಟಯರುಗಳೂ ಹಲ್ಲುಚಕ್ರಗಳೂ ಸವೆಯುತ್ತವೆ. ಇದೇ ಕಾರಣದಿಂದ ಎಡಕ್ಕೊಂದು ಹೊಸದು ಬಲಕ್ಕೊಂದು ಹಳೆಯದು ಎಂಬ ಉಳಿತಾಯವೂ ಉಳಿತಾಯವಲ್ಲ. ಎರಡು ಗಾಲಿಗಳ ಸುತ್ತಳತೆ ಬೇರೆಯಾದರೆ ನಡುವಣ ಡಿಫರೆನ್ಷಿಯಲ್ಲು ನೇರ ದಾರಿಯಲ್ಲಿಯೂ ಬಿಡುವಿಲ್ಲದೆ ದುಡಿಯಬೇಕಾಗುತ್ತದೆ.

ಪಿ.ಆರ್. ಎಂಬುದರ ಮುಂದಿನ ಸಂಖ್ಯೆಯನ್ನು ಕಂಡು “ಹನ್ನೆರಡು ಪದರ” ಎಂದು ಹೇಳುವವರುಂಟು. ಹತ್ತಿಯ ನೂಲನ್ನು ಬಳಸುತ್ತಿದ್ದ ಕಾಲಕ್ಕೆ ಅದು ಪದರಗಳ ಎಣಿಕೆಯೇ ಆಗಿತ್ತು. ಈಗ ನೈಲಾನಿನ ಗಟ್ಟಿ ನೂಲಿರುವುದರಿಂದ ಕಡಮೆ ಪದರಗಳಲ್ಲಿಯೇ ಅಷ್ಟು ಬಲ ಬರುತ್ತದೆ. ಸಂಖ್ಯೆಯು ಬಲದ ಗುರುತಾಗಿ ಉಳಿದಿದೆಯಷ್ಟೆ. ಟ್ರೇಲರಿನ ಭಾರವನ್ನು ಹೊರುವವರು ಹೆಚ್ಚಿನ ಸಂಖ್ಯೆಯನ್ನು ಕೊಳ್ಳಬಹುದು. ಬರಿಯ ಉಳುಮೆಗೆ ಅತಿಯಾದ ಗಟ್ಟಿತನವು ಗುಣವಲ್ಲ, ಏಕೆಂದರೆ ಬಾಗದ ಟಯರು ನೆಲದ ಮೇಲೆ ಹರಡಿಕೊಳ್ಳುವುದಿಲ್ಲ.

ರೇಡಿಯಲ್ಲಿನ ಹೆಚ್ಚಳವೆಲ್ಲವೂ ಈ ಹರಡಿಕೊಳ್ಳುವುದರಲ್ಲಿಯೇ ಇದೆ. ಅದರ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೆಟ್ಟಗೆ ಸಾಗಿ, ಮೇಲುಗಡೆ ಸುತ್ತಲೂ ಬೇರೆ ಪಟ್ಟಿಗಳು ಬಿಗಿದಿರುತ್ತವೆ. ಪಕ್ಕೆಯು ಮೆತ್ತಗೆ, ತಳವು ಗಟ್ಟಿ. ಆದುದರಿಂದ ಅದು ಹೆಚ್ಚು ನೆಲವನ್ನು ತಬ್ಬಿಕೊಂಡು ಕಡಮೆ ಜಾರುತ್ತದೆ, ರಸ್ತೆಯ ಮೇಲೂ ಹೆಚ್ಚು ದಿನ ಬರುತ್ತದೆ. ಆದರೆ ಮೆತ್ತನೆಯ ಪಕ್ಕೆಗೆ ಮುಳ್ಳು ಕೂಳೆಗಳ ಭಯ ಹೆಚ್ಚು, ಬೆಲೆಯೂ ಹೆಚ್ಚು. ವರ್ಷಕ್ಕೆ ಸಾವಿರ ಗಂಟೆ ಓಡುವ ಗಾಡಿಗೆ ಆ ಬೆಲೆಯು ಹಿಂದಿರುಗಬಹುದು. ಮುನ್ನೂರು ಗಂಟೆ ಓಡುವ ಗಾಡಿಗೆ ಅದು ಬರಿಯ ಅಲಂಕಾರವೆಂದು ನಮ್ಮ ಮತ. ಒಂದು ಬದಿಗೆ ರೇಡಿಯಲ್, ಇನ್ನೊಂದು ಬದಿಗೆ ಓರೆನೂಲಿನದು ಎಂಬ ಸಂಕರವನ್ನಂತೂ ಎಂದಿಗೂ ಮಾಡತಕ್ಕದ್ದಲ್ಲ.

ಬೆಲೆಯನ್ನು ಅಳೆಯುವ ಬಗೆಯೊಂದನ್ನು ಹೇಳುತ್ತೇವೆ. ಲೆಕ್ಕಕ್ಕಾಗಿ ಒಂದು ಜೊತೆಗೆ ೪೦,೦೦೦ ರೂಪಾಯಿ, ಇನ್ನೊಂದು ಜೊತೆಗೆ ೩೨,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ಮೊದಲನೆಯದು ೨,೦೦೦ ಗಂಟೆ ಬಾಳಿದರೆ ಗಂಟೆಗೆ ೨೦ ರೂಪಾಯಿ ಬಿತ್ತು. ಎರಡನೆಯದು ೧,೨೦೦ ಗಂಟೆ ಬಾಳಿದರೆ ಗಂಟೆಗೆ ೨೬ ರೂಪಾಯಿಗೂ ಮೇಲಾಯಿತು. ಅಗ್ಗದ್ದು ಯಾವುದು? ಗಂಟೆಗಳನ್ನು ಎಣಿಸುವ ಮೀಟರು ಗಾಡಿಯ ಮುಖದ ಮೇಲೆಯೇ ಇರುತ್ತದೆ. ಹಳೆಯ ಟಯರನ್ನು ಹಾಕಿದ ದಿನದ ಅಂಕವನ್ನು ಬರೆದಿಟ್ಟಿದ್ದರೆ ಅದು ಎಷ್ಟು ಬಾಳಿತೆಂಬುದು ತಿಳಿಯುತ್ತದೆ. ಬರೆದಿಡದಿದ್ದರೆ ಅಂಗಡಿಯವನು ಹೇಳಿದ್ದೇ ವೇದವಾಕ್ಯ. ರೀಟ್ರೆಡ್ಡಿಗೂ ಇದೇ ಲೆಕ್ಕ. ಹಳೆಯ ಟಯರಿನ ಪಕ್ಕೆಯು ಬಿರುಕುಬಿಡದೆ, ಒಳನೂಲು ಹರಿಯದೆ ಇದ್ದರೆ ಅದು ಬಡವನ ಬಂಧುವೇ ಸರಿ. ಬಿಸಿಲಿಗೆ ಬಿರಿದ ಮೈಯ ಮೇಲೆ ಹೊಸ ಏಣನ್ನು ಕೂಡಿಸುವುದು ಬಿರುಕುಗೋಡೆಗೆ ಸುಣ್ಣ ಬಳಿದಂತೆ.

ಕೊಳ್ಳುವಾಗ ಪಕ್ಕೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತನ್ನು ಹುಡುಕಿರಿ. ಮೊದಲಿನೆರಡು ವಾರವನ್ನೂ ಕಡೆಯೆರಡು ವರ್ಷವನ್ನೂ ಹೇಳುತ್ತವೆ. ೨೩೨೪ ಎಂದಿದ್ದರೆ ೨೦೨೪ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದುದು. ರಬ್ಬರು ಉಗ್ರಾಣದಲ್ಲಿ ಕೂತೂ ಮುಪ್ಪಾಗುತ್ತದೆ. ಬಹು ಹಳೆಯದನ್ನು ಹೊಸದರ ಬೆಲೆಗೆ ಕೊಳ್ಳಬೇಕಾಗಿಲ್ಲ. ೨೦೨೫ರ ಸೆಪ್ಟೆಂಬರ್ ೨೨ರಿಂದ ಟ್ರಾಕ್ಟರಿನ ಟಯರು ಟ್ಯೂಬುಗಳ ಮೇಲಿನ ಜಿ.ಎಸ್.ಟಿ. ತೆರಿಗೆಯನ್ನು ನೂರಕ್ಕೆ ೧೮ರಿಂದ ೫ಕ್ಕೆ ಇಳಿಸಲಾಯಿತು. ಬಿಲ್ಲನ್ನು ಕೇಳಿ ಪಡೆದು, ಆ ಇಳಿತವು ಬೆಲೆಯಲ್ಲಿ ಕಾಣುತ್ತದೆಯೇ ಎಂದು ಓದಿ ನೋಡಿರಿ.

ಕಂಪನಿಗಳ ಹೆಸರಿನ ಮೋಹವನ್ನು ಕುರಿತು ಒಂದು ಹಳೆಯ ಕಥೆಯುಂಟು. ೧೯೩೨ರ ವರೆಗೆ ಅಮೆರಿಕದ ಟ್ರಾಕ್ಟರುಗಳು ಬಹುಮಟ್ಟಿಗೆ ಹಲ್ಲುಗಳಿದ್ದ ಕಬ್ಬಿಣದ ಗಾಲಿಗಳ ಮೇಲೆಯೇ ನಡೆಯುತ್ತಿದ್ದವು. ಆ ವರ್ಷ ಅಲಿಸ್-ಚಾಮರ್ಸ್ ಎಂಬ ಕಂಪನಿಯವರು ಗಾಳಿ ತುಂಬಿದ ರಬ್ಬರ್ ಗಾಲಿಗಳನ್ನು ಮಾರಾಟಕ್ಕೆ ತಂದರು. ರೈತರು ನಂಬಲಿಲ್ಲ. ರಬ್ಬರು ಹೊಲದಲ್ಲಿ ಹಿಡಿಯುವುದುಂಟೆ ಎಂದು ನಕ್ಕರು. ಕಂಪನಿಯವರು ಬಾರ್ನಿ ಓಲ್ಡ್‌ಫೀಲ್ಡ್ ಎಂಬ ಹೆಸರಾಂತ ಕಾರುಪಂದ್ಯಗಾರನನ್ನು ಕರೆತಂದು ೧೯೩೩ರಲ್ಲಿ ಟ್ರಾಕ್ಟರನ್ನು ಗಂಟೆಗೆ ೬೪ ಮೈಲಿಯ ವೇಗದಲ್ಲಿ ಓಡಿಸಿ ತೋರಿಸಿದರು! ಉಳುವವನಿಗೆ ಆ ವೇಗದಿಂದ ಏನು ಪ್ರಯೋಜನವೋ ನಾವರಿಯೆವು. ರಬ್ಬರು ಗೆದ್ದುದು ನಿಜ. ಗೆಲ್ಲಿಸಿದುದು ಆ ಓಟವಲ್ಲ, ಹೊಲದಲ್ಲಿ ಉಳಿದ ಇಂಧನ. ನಮ್ಮ ಮೈಸೂರಿನ ವಿಕ್ರಾಂತ್ ಕಾರ್ಖಾನೆಯೂ ಟಯರು ಮಾಡಿ ಹೆಸರು ಪಡೆಯಿತು. ೧೯೯೭ರಲ್ಲಿ ಅದು ಜೆ.ಕೆ. ಸಂಸ್ಥೆಯ ಕೈಸೇರಿತು. ನಾಡಿನ ಅಭಿಮಾನವು ಒಳ್ಳೆಯದೇ. ಆದರೆ ಹೊಲಕ್ಕೆ ಅಭಿಮಾನವಿಲ್ಲ, ಅದು ಏಣನ್ನು ಮಾತ್ರ ನೋಡುತ್ತದೆ.

ಟಯರು ಸವೆದಿದೆಯೋ ಇಲ್ಲವೋ ಎಂಬುದನ್ನು ಕಣ್ಣಿಗಿಂತ ಚೆನ್ನಾಗಿ ಹೇಳುವ ಒಂದು ಪರೀಕ್ಷೆಯಿದೆ. ಮನೆಯ ಮಕ್ಕಳೂ ಮಾಡಬಹುದು. ಹಿಂಗಾಲಿಯ ಮೇಲೆ ಸುಣ್ಣದಿಂದ ಒಂದು ಗೀಟನ್ನು ಎಳೆಯಿರಿ. ನೇಗಿಲನ್ನು ಇಳಿಸಿ ಉಳುತ್ತ ಗಾಲಿಯು ಹತ್ತು ಸುತ್ತು ತಿರುಗುವವರೆಗೆ ಎಷ್ಟು ದೂರ ಹೋಯಿತೆಂದು ಎರಡು ಗೂಟಗಳನ್ನು ನೆಡಿರಿ. ಅನಂತರ ನೇಗಿಲನ್ನು ಎತ್ತಿಕೊಂಡು ಅದೇ ಗೂಟದಿಂದ ಗೂಟಕ್ಕೆ ನಡೆಸಿ ಸುತ್ತುಗಳನ್ನು ಎಣಿಸಿರಿ. ಎಂಟೂವರೆ ಸುತ್ತಾದರೆ ನೂರಕ್ಕೆ ಹದಿನೈದರಷ್ಟು ಜಾರಿಕೆ, ಅದು ಸಹಿಸತಕ್ಕದ್ದು. ಏಳೂವರೆಯಾದರೆ ಜಾರಿಕೆ ಇಪ್ಪತ್ತೈದು. ಆಗ ಹದಿನೈದು ಗಂಟೆಯ ಉಳುಮೆಗೆ ಹದಿನೇಳು ಗಂಟೆ ಹಿಡಿಯುತ್ತದೆ, ಆ ಎರಡು ಗಂಟೆಯ ಡೀಸೆಲ್ಲು ಹೊಗೆಯಾಗಿ ಹೋಗುತ್ತದೆ. ಜಾರಿಕೆ ತೀರ ಕಡಮೆಯಾಗಿದ್ದರೂ ಸಂತೋಷಪಡಬೇಕಾಗಿಲ್ಲ. ಗಾಡಿಯು ಅನಾವಶ್ಯಕವಾದ ಭಾರವನ್ನು ಹೊತ್ತು ನೆಲವನ್ನು ತುಳಿಯುತ್ತಿದೆಯೆಂದು ಅರ್ಥ.

ಏಣು ಚೆನ್ನಾಗಿದ್ದೂ ಜಾರಿದರೆ ಹೊಸ ಟಯರಿಗೆ ಓಡುವ ಮೊದಲು ನೀರನ್ನು ನೆನೆಯಿರಿ. ವಾಲ್ವನ್ನು ಮೇಲಕ್ಕೆ ತಂದು ಟ್ಯೂಬಿನ ಮುಕ್ಕಾಲು ಪಾಲು ನೀರು ತುಂಬಿಸುವ ರೂಢಿಯುಂಟು, ೧೩.೬-೨೮ರ ಟಯರೊಂದು ೧೫೦ ಲೀಟರಿಗೂ ಹೆಚ್ಚು ನೀರನ್ನು ಹಿಡಿಯುತ್ತದೆ, ಅಷ್ಟು ಕಿಲೋಗ್ರಾಮು ಭಾರವು ಕಾಸಿಲ್ಲದೆ ದೊರೆತಂತಾಯಿತು. ರಸ್ತೆಯ ಕೆಲಸದ ಕಾಲಕ್ಕೆ ಅದನ್ನು ಹೊರಬಿಡುವುದು ಲೇಸು. ಗಾಳಿಯನ್ನು ಕುರಿತು ಹೇಳುವುದಾದರೆ, ಟಯರಿನೊಳಗಿನ ಒತ್ತಡವೆಷ್ಟೋ ಹೆಚ್ಚುಕಡಮೆ ಅಷ್ಟೇ ಒತ್ತಡವು ಮಣ್ಣಿನ ಮೇಲೂ ಬೀಳುತ್ತದೆ. ಗಟ್ಟಿಯಾಗಿ ಗಾಳಿ ಹೊಡೆಸಿ ಹೊಲಕ್ಕಿಳಿಸಿದವನು ಮುಂದಿನ ಬೆಳೆಯ ಬೇರಿಗೆ ತಾನೇ ಕಲ್ಲುಹಾಸು ಹಾಸಿದಂತೆ. ಕಂಪನಿಯ ಪಟ್ಟಿಯಲ್ಲಿ ಭಾರಕ್ಕೆ ತಕ್ಕ ಅಂಕವಿರುತ್ತದೆ, ಹೊಲಕ್ಕೊಂದು, ರಸ್ತೆಗೊಂದು. ಅದನ್ನು ನೋಡಿ ಹೊಡೆಸಬೇಕು.

ಉಳಿತಾಯದ ಮಾತನ್ನು ಬಿಟ್ಟು ಪ್ರಾಣದ ಮಾತೊಂದನ್ನು ಹೇಳಬೇಕಾಗಿದೆ. ನಮ್ಮ ಟ್ರಾಕ್ಟರುಗಳಲ್ಲಿ ಸಾಮಾನ್ಯವಾಗಿ ಬ್ರೇಕು ಹಿಡಿಯುವುದು ಹಿಂಗಾಲಿಗಳನ್ನೇ. ಹಿಂದೆ ಕಟ್ಟಿದ ಟ್ರೇಲರಿಗೆ ಬ್ರೇಕೇ ಇಲ್ಲದಿರುವುದು ಹೆಚ್ಚು. ಕಬ್ಬನ್ನು ತಲೆಯೆತ್ತರ ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ಅಷ್ಟು ಭಾರವನ್ನೂ ನಿಲ್ಲಿಸತಕ್ಕವು ಆ ಎರಡು ಟಯರುಗಳು. ಅವು ಬೋಳಾಗಿ, ರಸ್ತೆಯ ಮೇಲೆ ಮಣ್ಣು ಸೇರಿದ ಮಳೆಯ ನೀರಿದ್ದರೆ ಗಾಲಿ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. “ಈ ಹಂಗಾಮು ತಳ್ಳೋಣ” ಎಂದು ಬೋಳು ಟಯರಿನಲ್ಲಿ ಕಬ್ಬು ಹೊಡೆಯುವವರ ಮನೆಯವರಾದರೂ ಅಡ್ಡ ನಿಂತು ತಡೆಯಬೇಕೆಂದು ನಮ್ಮ ಪ್ರಾರ್ಥನೆ. ಟಯರನ್ನು ಕೂರಿಸುವಾಗಲೂ ಅಪಾಯವುಂಟು. ಅಂಚು ರಿಮ್ಮಿಗೆ ಕೂರಲಿಲ್ಲವೆಂದು ೩೫ ಪೌಂಡಿಗೂ ಮೇಲೆ ಗಾಳಿ ಹೊಡೆದರೆ ಟಯರು ಸಿಡಿಯಬಹುದು. ಸಿಡಿದ ಟಯರು ಎದುರಿಗಿದ್ದವನನ್ನು ಉಳಿಸುವುದಿಲ್ಲ. ಮಕ್ಕಳನ್ನು ದೂರವಿಡಿರಿ. ಬಲ್ಲವನಿಂದಲೇ ಆ ಕೆಲಸವನ್ನು ಮಾಡಿಸಿರಿ.

ನಮ್ಮ ಶಿಷ್ಯನು ಆರ್-೧ ಜಾತಿಯ ಓರೆನೂಲಿನ ಟಯರುಗಳನ್ನು, ಇದ್ದ ೧೩.೬-೨೮ರ ಅಳತೆಯಲ್ಲಿಯೇ, ಜೊತೆಯಾಗಿ ಕೊಂಡನು. ಬಳೆಗಳೆರಡರಲ್ಲಿ ಒಂದನ್ನಿಟ್ಟುದರಿಂದಲೇ ಹಣ ಸಾಕಾಯಿತಂತೆ. ಜೋಡಿಸುವವನು ಪಕ್ಕೆಯ ಮೇಲಿನ ಬಾಣದ ಗುರುತನ್ನು ನೋಡದೆ ಒಂದನ್ನು ಹಿಂದುಮುಂದಾಗಿ ಹಾಕಿದ್ದನು; ಹಾಗೆ ಹಾಕಿದರೆ ಏಣುಗಳು ಮಣ್ಣನ್ನು ಹೊರಕ್ಕೆ ತಳ್ಳುವ ಬದಲು ನಡುವಿಗೆ ಒಟ್ಟುತ್ತವೆ. ತಾಯಿಯೇ ಎರಡು ಗಾಲಿಗಳನ್ನೂ ಹೋಲಿಸಿ ನೋಡಿ “ಇದೇನಪ್ಪಾ, ಒಂದರ ರಂಗೋಲಿ ತಲೆಕೆಳಗಾಗಿದೆಯಲ್ಲ!” ಎಂದಳಂತೆ. ತಿರುಗಿಸಿ ಹಾಕಿಸಿದರು. ಮೊದಲ ದಿನದ ಕೆಲಸವಾದ ಮೇಲೆ ಗಾಲಿಯ ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಬೇಕೆಂದು ಹೇಳಿ ಕಳುಹಿಸಿದ್ದೆವು, ಬಿಗಿಸಿದ್ದಾನೆ. ಮೀಟರಿನ ಅಂಕವನ್ನು ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಾರೆ.